ಘಟ್ಟ ಹತ್ತುವ ಎಣ್ಣೆ, ಘಟ್ಟ ಹತ್ತುವ ನೀರು

ಮಂಗಳೂರಿನಿಂದ ಹೊರಟ ಡೀಸೆಲ್ಲು, ಪೆಟ್ರೋಲು ನೆಲದಡಿಯ ಕೊಳವೆಯಲ್ಲಿ ಘಟ್ಟ ಹತ್ತುತ್ತದೆ. ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಅದಕ್ಕೆ ಮತ್ತೊಮ್ಮೆ ಒತ್ತಡ ಕೊಟ್ಟು ಮೇಲಕ್ಕೆ ನೂಕುತ್ತಾರೆ. ಹಾಸನದಲ್ಲಿ ಒಂದಿಷ್ಟು ಇಳಿದು, ಉಳಿದದ್ದು ಬೆಂಗಳೂರಿನ ಹೊರಗಿರುವ ದೇವನಗೊಂದಿಗೆ ಹೋಗುತ್ತದೆ. 360 ಕಿ.ಮೀ.ಗೂ ಉದ್ದವಿರುವ ಈ ಕೊಳವೆ 2003ರಿಂದ ಹಗಲೂ ರಾತ್ರಿ ಕೆಲಸ ಮಾಡುತ್ತಿದೆ. ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯಲ್ಲಿ ಗದ್ದೆಗೆ ಟಿಲ್ಲರ್ ಇಳಿಸುವ ರೈತನಾಗಲಿ, ಹೂವಿನ ಕಾಲಕ್ಕೆ ಕಾಫಿಗೆ ಸ್ಪ್ರಿಂಕ್ಲರ್ ಹೂಡುವ ಬೆಳೆಗಾರನಾಗಲಿ ಈ ಕೊಳವೆಯ ಬಗ್ಗೆ ಯೋಚಿಸುವುದು ಕಡಿಮೆ. ಬಂಕಿನಲ್ಲಿ ದರ ಏರಿದ ದಿನ ಮಾತ್ರ ಅದರ ನೆನಪು.

ಕೊಳವೆಯ ಎಣ್ಣೆಯ ಮೂಲ ಮಂಗಳೂರಿನಲ್ಲಿಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗ ಹೊರಗಿನಿಂದ ಹಡಗಿನಲ್ಲಿ ಬರುತ್ತದೆ. ಕೊಲ್ಲಿಯಲ್ಲಿ ಯುದ್ಧದ ಸುದ್ದಿ ಬಂದರೆ ಇಲ್ಲಿ ಎದೆ ಹೊಡೆದುಕೊಳ್ಳುವುದು ಅದಕ್ಕೇ. ಅಂಥ ಆಪತ್ತಿಗೆಂದು ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು ಮತ್ತು ವಿಶಾಖಪಟ್ಟಣದಲ್ಲಿ ಬಂಡೆ ಕೊರೆದು ನೆಲದಡಿ ತೈಲಾಗಾರ ಮಾಡಿದ್ದಾರೆ. ಮೂರೂ ಸೇರಿ ಹಿಡಿಸುವುದು 53.3 ಲಕ್ಷ ಟನ್. ಸರ್ಕಾರವೇ ಹೇಳಿರುವ ಲೆಕ್ಕದಂತೆ ಅಷ್ಟೂ ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ತೈಲ. ಇಷ್ಟು ದೊಡ್ಡ ದೇಶದ ಸ್ವಾವಲಂಬನೆಯ ಮಾತನ್ನು ಈ ಒಂಬತ್ತೂವರೆ ದಿನವನ್ನು ಎದುರಿಗಿಟ್ಟುಕೊಂಡೇ ಆಡಬೇಕು.

ಈ ಮಾತು ಎದ್ದಾಗ ನಮ್ಮ ಕಡೆ ಹಿರಿಯರು ಕೈ ತೋರುವುದು ಬೇಲಿಯ ಕಡೆಗೆ.

“ನಮ್ ಬೇಲೀಲೇ ಹೊಂಗೆ ಐತಲ್ಲೋ ಮಗಾ, ಹೊರಗಿಂದ ಯಾಕೋ ಎಣ್ಣೆ ತರ್ಬೇಕು?”

“ಐತೆ ದೊಡ್ಡಪ್ಪ. ಬಿದ್ದಿದ್ ಕಾಯಿ ಆಯೋರು ಯಾರು?”

ಈ ಎರಡು ಮಾತಿನಲ್ಲಿ ಕರ್ನಾಟಕದ ಜೈವಿಕ ಇಂಧನದ ಕಥೆಯ ಬಹುಭಾಗ ಅಡಗಿದೆ. ಆ ಕಥೆ ನಡೆದದ್ದೂ ನಮ್ಮ ಜಿಲ್ಲೆಯಲ್ಲೇ. ಹಾಸನದ ಹತ್ತಿರದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಉದ್ಯಾನ ಕಟ್ಟಿತು. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿಗಳನ್ನು ಬೆಳೆಸಿ ಹಂಚಿತು. ಊರೂರಿನಲ್ಲಿ ಬೆಳೆಗಾರರ ಸಂಘಗಳು ಹುಟ್ಟಿದವು. 2009ರಲ್ಲಿ ರಾಜ್ಯಕ್ಕೆ ತನ್ನದೇ ಜೈವಿಕ ಇಂಧನ ನೀತಿ ಬಂತು. ಪಾಳು ನೆಲಕ್ಕೆ ‘ಬರಡು ಬಂಗಾರ’, ರೈತರ ಬದುಗಳಿಗೆ ‘ಹಸಿರು ಹೊನ್ನು’ ಎಂಬ ಕಾರ್ಯಕ್ರಮಗಳು ಬಂದವು. ದೆಹಲಿಯಲ್ಲಿ ಆಗ ಜಟ್ರೋಫಾದ ಗುಂಗು ಹತ್ತಿತ್ತು. 2003ರಲ್ಲಿ ಯೋಜನಾ ಆಯೋಗ ಹಾಕಿಕೊಟ್ಟ ದಾರಿಯಲ್ಲಿ ಹಲವು ರಾಜ್ಯಗಳು ನೀರಿಲ್ಲದ ನೆಲದಲ್ಲಿ ಜಟ್ರೋಫಾ ನೆಟ್ಟು ಕೈಸುಟ್ಟುಕೊಂಡವು. ಕರ್ನಾಟಕ ಈ ನೆಲದ ಮರಗಳನ್ನೇ ನೆಚ್ಚಿತು. ಆ ವಿವೇಕಕ್ಕೆ ಸಿಗಬೇಕಾದ ಶ್ರೇಯ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಅನಿಸಿಕೆ.

ಅದಕ್ಕೂ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆಯನ್ನು ಇಂಜಿನ್ನಿಗೆ ಕುಡಿಸಿ ತೋರಿಸಿದ್ದರು. ಕೋಲಾರ ಸೀಮೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯ ಜನರೇಟರಿನಿಂದ ಕೊಳವೆಬಾವಿ ನಡೆಸಿ ಹೊಲಕ್ಕೆ ನೀರು ಕೊಟ್ಟರು. ದಾಂಡೇಲಿಯ ಫೆರೋ ಅಲಾಯ್ಸ್ ಕಾರ್ಖಾನೆಯ ಡೀಸೆಲ್ ಜನರೇಟರುಗಳೂ ಹೊಂಗೆ ಎಣ್ಣೆಯಲ್ಲಿ ಓಡಿದವು. ಇದರಲ್ಲಿ ಪವಾಡವೇನಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಗಿಡದ ಎಣ್ಣೆ ಮಂದ, ಅದನ್ನು ಬಿಸಿ ಮಾಡಿ ತೆಳುವಾಗಿಸಿದರೆ ನಿಧಾನ ತಿರುಗುವ ಗಟ್ಟಿ ಇಂಜಿನ್ ಅದನ್ನು ಉರಿಸಬಲ್ಲದು. ಬಸ್ಸು, ಕಾರಿನ ಇಂಜಿನ್ನಿಗಾದರೆ ಆ ಎಣ್ಣೆಯನ್ನು ಮೆಥನಾಲ್ ಜೊತೆ ಬೆರೆಸಿ, ಗ್ಲಿಸರಿನ್ ಬೇರ್ಪಡಿಸಿ ಬಯೋಡೀಸೆಲ್ ಮಾಡಬೇಕು. ಇಲ್ಲೊಂದು ತೊಡಕಿದೆ. ನಮ್ಮ ದೇಶ ಬಳಸುವ ಮೆಥನಾಲ್‌ನಲ್ಲಿ ಬಹುಪಾಲು ಆಮದು. ಕಗ್ಗನಹಳ್ಳಿಯ ನೇರ ಎಣ್ಣೆ ಯಾರ ಮೇಲೂ ಅವಲಂಬಿಸಿರಲಿಲ್ಲ, ಬಯೋಡೀಸೆಲ್‌ಗೆ ಮಾತ್ರ ಮತ್ತೆ ಹಡಗು ಕಾಯಬೇಕು.

ಇನ್ನು ಹೊಂಗೆಯ ಲೆಕ್ಕ. ಸುಲಿದ ಬೀಜ ನಾಲ್ಕು ಕಿಲೋ ಗಾಣಕ್ಕೆ ಹಾಕಿದರೆ ಸುಮಾರು ಒಂದು ಲೀಟರ್ ಎಣ್ಣೆ, ಮೂರು ಕಿಲೋ ಹಿಂಡಿ. ಟಿಲ್ಲರ್ ಗಂಟೆಗೆ ಒಂದೂಕಾಲು ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಎಂಟು ಗಂಟೆ ಉಳುಮೆಗೆ ಹತ್ತು ಲೀಟರ್, ಅಂದರೆ 40 ಕಿಲೋ ಬೀಜ. ಬೇಸಿಗೆಯಲ್ಲಿ ಮರದಡಿ ಬಿದ್ದ ಕಾಯಿಯನ್ನು ಗುಡಿಸಿ, ಕಣದಲ್ಲಿ ಒಣಗಿಸಿ, ಕೋಲಿನಿಂದ ಬಡಿದು, ತೂರಿ ಬೀಜ ಮಾಡುವುದಕ್ಕೆ ಎರಡು ಮೂರು ಆಳಿನ ಕೆಲಸ. ಅದೇ ಹೊತ್ತಿಗೆ ಕಾಫಿ ತೋಟದಲ್ಲಿ ಮೆಣಸು ಕೊಯ್ಲು, ಶುಂಠಿ ಹೊಲದಲ್ಲಿ ಕೆಲಸ. ಕೂಲಿಯವರೇ ಸಿಗದ ಕಾಲದಲ್ಲಿ ಹೊಂಗೆ ಆಯಲು ಯಾರನ್ನು ಕರೆಯುವುದು? ಬೀಜಕ್ಕೆ ಒಳ್ಳೆಯ ದರ ಸಿಕ್ಕ ವರ್ಷವೂ ಅದನ್ನು ಕೊಂಡದ್ದು ಸೋಪಿನವರು, ಔಷಧಿಯವರು. ಇಂಧನಕ್ಕೆ ಕೊಡುವ ದರ ಅವರ ಮುಂದೆ ನಿಲ್ಲಲಿಲ್ಲ. ಹಿಂಡಿಗೆ ಮಾತ್ರ ಬೇಡಿಕೆ ಎಂದೂ ತಗ್ಗಿಲ್ಲ. ಕಾಫಿ, ಅಡಿಕೆಯ ಬುಡಕ್ಕೆ ಹೊಂಗೆ ಹಿಂಡಿ ಹಾಕಿದವರಿಗೆ ಅದರ ಬೆಲೆ ಗೊತ್ತು.

ದೇಶ ವರ್ಷಕ್ಕೆ ಸುಡುವ ಡೀಸೆಲ್ ಸುಮಾರು 9 ಕೋಟಿ ಟನ್. ಅದರ ಎದುರು ಹೊಂಗೆಯನ್ನು ನಿಲ್ಲಿಸಿದ್ದೇ ತಪ್ಪು. 2009ರ ರಾಷ್ಟ್ರೀಯ ನೀತಿ ಡೀಸೆಲ್‌ಗೆ ಶೇಕಡ 20 ಜೈವಿಕ ಎಣ್ಣೆ ಬೆರೆಸುವ ಗುರಿ ಇಟ್ಟಿತ್ತು, 2018ರ ನೀತಿ ಅದನ್ನು 2030ಕ್ಕೆ ಶೇಕಡ 5 ಎಂದು ಇಳಿಸಿತು, ಇಂದಿಗೂ ಬೆರಕೆ ಶೇಕಡ ಒಂದನ್ನೂ ಮುಟ್ಟಿಲ್ಲ. ಗುರಿ ತಲುಪದ್ದನ್ನೇ ತೋರಿಸಿ ಹೊಂಗೆ ಸೋತಿತು ಎಂದರು. ಹೊಂಗೆ ಸೋತಿಲ್ಲ. ಒಂದು ಊರಿನ ನೀರೆತ್ತುವ ಪಂಪಿಗೆ, ಹಿಟ್ಟಿನ ಗಿರಣಿಗೆ, ಹೊಲದ ಗೊಬ್ಬರಕ್ಕೆ ಸಾಕಾಗುವ ಮರವನ್ನು ಬೆಂಗಳೂರಿನ ರಿಂಗ್ ರೋಡಿನ ಲಾರಿಗಳನ್ನು ಓಡಿಸಲಿಲ್ಲವೆಂದು ದೂರುವುದು ಅನ್ಯಾಯ.

ಈಗ ಗಾಳಿ ಎಥೆನಾಲ್ ಕಡೆ ಬೀಸುತ್ತಿದೆ. ಪೆಟ್ರೋಲಿಗೆ ಶೇಕಡ 20 ಎಥೆನಾಲ್ ಬೆರೆಸುವ ಗುರಿಯನ್ನು 2030ರಿಂದ 2025ಕ್ಕೆ ಹಿಂದಕ್ಕೆ ತಂದು ಮುಟ್ಟಿದ್ದೂ ಆಯಿತು. ಕಬ್ಬಿಗಿಂತ ಹೆಚ್ಚಾಗಿ ಈಗ ಮೆಕ್ಕೆಜೋಳದಿಂದಲೇ ಎಥೆನಾಲ್ ಬರುತ್ತಿದೆ. ಇದರಿಂದ ಜೋಳ ಬೆಳೆವ ನಮ್ಮ ಜಿಲ್ಲೆಯ ರೈತ ಗೆಲ್ಲಬೇಕಿತ್ತು. ಆದದ್ದೇ ಬೇರೆ. 2024ರಲ್ಲಿ ದೇಶವೇ ಜೋಳ ಆಮದು ಮಾಡಿಕೊಂಡಿತು, ಕೋಳಿ ಸಾಕುವವರು ಮೇವಿನ ದರಕ್ಕೆ ತತ್ತರಿಸಿದರು. 2025ರ ಕೊಯ್ಲಿನಲ್ಲಿ ಕರ್ನಾಟಕದ ರೈತನಿಗೆ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 2,400 ರೂಪಾಯಿಯೂ ದಕ್ಕದೆ ಬೀದಿಗಿಳಿಯಬೇಕಾಯಿತು. ಎಣ್ಣೆಯ ಆಮದು ತಗ್ಗಿಸಲು ಹೊರಟು ಧಾನ್ಯದ ಆಮದಿಗೆ ಬಾಗಿಲು ತೆರೆದರೆ ಅದನ್ನು ಸ್ವಾವಲಂಬನೆ ಎನ್ನಲು ನನಗೆ ಮನಸ್ಸಿಲ್ಲ.

ಎಣ್ಣೆ ಬಿಟ್ಟು ವಿದ್ಯುತ್ತಿಗೆ ಬಂದರೆ ಸಕಲೇಶಪುರದ ಬೆಟ್ಟಗಳು ತಾವಾಗಿಯೇ ಎದುರಿಗೆ ಬಂದು ನಿಲ್ಲುತ್ತವೆ. ಕರ್ನಾಟಕ ವಿದ್ಯುತ್ ನಿಗಮದ ಗುಂಡ್ಯ ಯೋಜನೆಯನ್ನು ಇಲ್ಲಿಯವರು ಮರೆತಿಲ್ಲ. ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಬೆಟ್ಟಕುಮರಿಯ ನೀರನ್ನು ಅಡ್ಡಗಟ್ಟಿ, ಸುರಂಗದಲ್ಲಿ ಹರಿಸಿ, ಘಟ್ಟದ ಬುಡದಲ್ಲಿ ಮೊದಲ ಹಂತಕ್ಕೆ 200 ಮೆಗಾವ್ಯಾಟ್ ತೆಗೆಯುವ ಯೋಜನೆ ಅದು. ಜಲವಿದ್ಯುತ್ ಹೊಗೆಯಿಲ್ಲದ್ದು, ನಮ್ಮದೇ ನೀರಿನದು, ಕಲ್ಲಿದ್ದಲು ಕೇಳುವುದಿಲ್ಲ. ಇದು ಪರವಾಗಿದ್ದವರ ವಾದ, ತಳ್ಳಿಹಾಕುವಂಥದ್ದಲ್ಲ. ಆದರೆ ಮುಳುಗಬೇಕಿದ್ದದ್ದು ಪಶ್ಚಿಮಘಟ್ಟದಲ್ಲಿ ಉಳಿದಿರುವ ಒಳ್ಳೆಯ ನಿತ್ಯಹಸುರಿನ ಕಾಡು, ಏಲಕ್ಕಿ ತೋಟ, ಆನೆಯ ದಾರಿ. ಈ ಕಣಿವೆಯ ಹೆಸರನ್ನೇ ಹೊತ್ತ ಕಪ್ಪೆ ಇಂಡಿರಾನಾ ಗುಂಡ್ಯ 1986ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು ಇಲ್ಲಿಯ ಕೆಂಪುಹೊಳೆ ಕಾಡಿನಿಂದ. ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರ ವರದಿಯಲ್ಲಿ ಈ ಯೋಜನೆಗೆ ಅನುಮತಿ ಕೊಡಬಾರದೆಂದು ನೇರವಾಗಿ ಹೇಳಿತು. ಗುಂಡ್ಯ ನಿಂತಿತು.

25 ಮೆಗಾವ್ಯಾಟ್‌ಗಿಂತ ಕೆಳಗಿನ ಕಿರು ಜಲವಿದ್ಯುತ್ ಯೋಜನೆಗಳಿಗೆ ಪರಿಸರ ಅನುಮತಿಯೇ ಬೇಡವೆಂಬ ನಿಯಮದಡಿ ಇದೇ ಬೆಟ್ಟಗಳಲ್ಲಿ ಬೇರೆ ಹಳ್ಳಗಳಿಗೂ ಕಟ್ಟೆ ಬಂದವು. ಒಂದೊಂದೂ ಸಣ್ಣದು. ಒಂದು ಹೊಳೆಗೆ ನಾಲ್ಕು ಬಂದರೆ ಅದು ಸಣ್ಣದಲ್ಲ.

ಗುಂಡ್ಯ ನಿಂತ ಮೇಲೆ ಆದದ್ದನ್ನು ನೋಡಿ. ವಿದ್ಯುತ್ ಕೊಡಬೇಕಿದ್ದ ಅದೇ ಎತ್ತಿನಹೊಳೆ ಈಗ ವಿದ್ಯುತ್ ಬೇಡುವ ಹೊಳೆಯಾಗಿದೆ. ಕೋಲಾರ, ಚಿಕ್ಕಬಳ್ಳಾಪುರಕ್ಕೆ 24 ಟಿಎಂಸಿ ಅಡಿ ನೀರು ಕೊಡುತ್ತೇವೆಂಬ ಎತ್ತಿನಹೊಳೆ ಯೋಜನೆಯ ಮೊದಲ ಹಂತವನ್ನು 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ನೀರನ್ನು ಘಟ್ಟದ ಮೇಲಕ್ಕೆ ಎತ್ತುವ ಪಂಪುಗಳಿಗೆ ಯೋಜನಾ ವರದಿ ಕೇಳಿದ ವಿದ್ಯುತ್ 270 ಮೆಗಾವ್ಯಾಟ್‌ಗೂ ಹೆಚ್ಚು. 200 ಮೆಗಾವ್ಯಾಟ್ ಕೊಡಬೇಕೆಂದಿದ್ದ ಹೊಳೆಗಳೇ ಇಂದು ಅದಕ್ಕಿಂತ ಹೆಚ್ಚಿನದನ್ನು ಕೇಳುತ್ತಿವೆ.

ಇದು ಬರೀ ಭೌತಶಾಸ್ತ್ರ. ಒಂದು ಘನ ಮೀಟರ್ ನೀರನ್ನು, ಅಂದರೆ ಸಾವಿರ ಲೀಟರನ್ನು, ನೂರು ಮೀಟರ್ ಎತ್ತಲು ಪಂಪಿನಲ್ಲಿ ಒಂದಿಷ್ಟೂ ನಷ್ಟವಾಗದಿದ್ದರೂ ಕಾಲು ಯೂನಿಟ್ಟಿಗಿಂತ ಜಾಸ್ತಿ ವಿದ್ಯುತ್ ಬೇಕು. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಹಾಗಾಗಿ ಒಂದು ಟಿಎಂಸಿ ನೂರು ಮೀಟರ್ ಹತ್ತಲು ಕಡಿಮೆಯೆಂದರೂ 77 ಲಕ್ಷ ಯೂನಿಟ್, 24 ಟಿಎಂಸಿಗೆ ಹದಿನೆಂಟೂವರೆ ಕೋಟಿ ಯೂನಿಟ್. ಇದು ಮೊದಲ ನೂರು ಮೀಟರಿನ ಲೆಕ್ಕ, ಘಟ್ಟ ಅಲ್ಲಿಗೆ ಮುಗಿಯುವುದಿಲ್ಲ. ಅದೂ ಹೊಳೆಯಲ್ಲಿ ಅಷ್ಟು ನೀರಿದ್ದರೆ. ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಈ ಜಲಾನಯನದಲ್ಲಿ ಸಿಗುವ ನೀರು 9.55 ಟಿಎಂಸಿ ಮಾತ್ರ ಎಂದು ಅಂದಾಜಿಸಿತ್ತು.

ಕೋಲಾರದ ಬಾಯಾರಿಕೆಯನ್ನು ಘಟ್ಟದವರು ಹಗುರವಾಗಿ ಕಾಣಬಾರದು. ಸಾವಿರ ಅಡಿ ಕೊರೆದರೂ ಬರುವ ಫ್ಲೋರೈಡ್ ನೀರನ್ನು ಮಕ್ಕಳಿಗೆ ಕುಡಿಸುವ ತಾಯಂದಿರ ಸಂಕಟ ನಿಜವಾದದ್ದು. ಆದರೆ ಅಲ್ಲಿಯ ಕೆರೆಗಳ ಹೂಳು, ಬೆಂಗಳೂರಿನಲ್ಲಿ ಚರಂಡಿಗೆ ಹೋಗುವ ಮಳೆನೀರು ಇವೆರಡರ ಲೆಕ್ಕ ಮೊದಲು ಆಗಬೇಕಿತ್ತು. ಎತ್ತಿನಹೊಳೆಯ ವಿದ್ಯುತ್ ಬರಬೇಕಾದದ್ದು ರಾಯಚೂರಿನ ಕಲ್ಲಿದ್ದಲಿನಿಂದಲೋ, ಆಮದು ಕಲ್ಲಿದ್ದಲು ಸುಡಲೆಂದು ಕಟ್ಟಿದ ಉಡುಪಿಯ ನಂದಿಕೂರು ಸ್ಥಾವರದಿಂದಲೋ, ಪಾವಗಡದ ಬಿಸಿಲಿನಿಂದಲೋ ಎಂಬ ಪ್ರಶ್ನೆಯನ್ನು ವಿಧಾನಸೌಧದಲ್ಲಿ ಗಟ್ಟಿಯಾಗಿ ಕೇಳಿದವರು ವಿರಳ. ನೀರಾವರಿ ಇಲಾಖೆಗೆ ನೀರಿನ ಚಿಂತೆ, ಇಂಧನ ಇಲಾಖೆಗೆ ವಿದ್ಯುತ್ತಿನ ಚಿಂತೆ. ಎರಡನ್ನೂ ಕೂಡಿಸಿ ನೋಡುವ ಮೇಜು ಇಲ್ಲ.

ಇನ್ನು ಹವಾಮಾನ. ಅದು ಬದಲಾಗುತ್ತಿದೆಯೇ ಎಂಬ ವಾದ ನಮ್ಮಲ್ಲಿ ಮೂರು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯವರು “1924ರಲ್ಲೂ ಕಾವೇರಿ ಉಕ್ಕಿ ಊರು ಮುಳುಗಿತ್ತು, ಆಗ ಯಾವ ಕಾರಿತ್ತು?” ಎನ್ನುತ್ತಾರೆ. ಎರಡನೆಯವರು “ಕಾಡು ಕಡಿದಿದ್ದಕ್ಕೆ ಮಳೆ ಕೆಟ್ಟಿತು” ಎನ್ನುತ್ತಾರೆ. ಮೂರನೆಯವರು ಇದೆಲ್ಲ ಬೆಳೆಯುತ್ತಿರುವ ಭಾರತದ ಕಾಲೆಳೆಯಲು ಹೊರಗಿನವರು ಹೂಡಿದ ಆಟ ಎನ್ನುತ್ತಾರೆ. ಮೂವರಲ್ಲೂ ಒಂದಿಷ್ಟು ಸತ್ಯವಿದೆ, ಯಾರ ಬಳಿಯೂ ಪೂರ್ತಿಯಿಲ್ಲ.

ಮಲೆನಾಡಿನ ತೋಟದ ಮನೆಗಳಲ್ಲಿ ಮಳೆಯ ಪುಸ್ತಕ ಇಡುವ ಒಳ್ಳೆಯ ಅಭ್ಯಾಸವಿದೆ. ಅಂಗಳದ ಮಳೆಮಾಪಕ ನೋಡಿ, ದಿನದಿನದ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಅಜ್ಜ ಬರೆದದ್ದನ್ನು ಮೊಮ್ಮಗ ಮುಂದುವರಿಸುತ್ತಾನೆ. ವರ್ಷದ ಒಟ್ಟು ಮಳೆ ನೋಡಿದರೆ ಏನೂ ಆಗಿಲ್ಲವೆನಿಸಬಹುದು, ಅಲ್ಲೇ ಮೋಸ ಹೋಗುವುದು. ದಿನಗಳ ಅಂಕಣ ನೋಡಬೇಕು. ಎಷ್ಟು ದಿನ ಬಂತು, ಒಂದೇ ದಿನಕ್ಕೆ ಎಷ್ಟು ಸುರಿಯಿತು, ಹೂಮಳೆ ಯಾವ ತಿಂಗಳಲ್ಲಿ ಬಿತ್ತು, ಹೂವಾದ ಮೇಲೆ ಬೇಕಾದ ಬ್ಯಾಕಿಂಗ್ ಮಳೆ ಬಂತೇ, ಕೊಯ್ಲಿನ ಕಾಲದಲ್ಲಿ ಕಣದ ಕಾಫಿ ಎಷ್ಟು ಸಲ ನೆನೆಯಿತು? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಅರಬ್ಬಿ ಸಮುದ್ರ ಬಿಸಿಯಾದಷ್ಟೂ ಘಟ್ಟಕ್ಕೆ ಬಂದು ಬಡಿಯುವ ಮೋಡದಲ್ಲಿ ಭಾರ ಹೆಚ್ಚು. 1924ರ ನೆರೆ ಇದನ್ನು ಸುಳ್ಳು ಮಾಡುವುದಿಲ್ಲ, ಎಂದೋ ಒಮ್ಮೆ ಬರುತ್ತಿದ್ದ ಮಳೆ ಮತ್ತೆ ಮತ್ತೆ ಬರತೊಡಗಿದರೆ ಅದೇ ಬದಲಾವಣೆ.

ಹೂಮಳೆ ಕೈಕೊಟ್ಟಾಗ ಆಗುವುದನ್ನು ಹತ್ತಿರದಿಂದ ನೋಡಿ. ರೊಬಸ್ಟಾ ಮೊಗ್ಗು ಅರಳಲು ಎಕರೆಗೆ ಒಂದು ಇಂಚಿಗಿಂತ ಹೆಚ್ಚು ನೀರು ಬೇಕು. ಒಂದು ಇಂಚೆಂದರೆ ಎಕರೆಗೆ ಒಂದು ಲಕ್ಷ ಲೀಟರ್ ಮೀರುತ್ತದೆ. ಮಳೆ ಬಂದರೆ ಇದು ಪುಕ್ಕಟೆ. ಬಾರದಿದ್ದರೆ ಹೊಳೆಗೆ, ಕೆರೆಗೆ ಪಂಪು ಹೂಡಿ, ಪೈಪು ಹೊತ್ತು, ರಾತ್ರಿಯೆಲ್ಲ ಸ್ಪ್ರಿಂಕ್ಲರ್ ತಿರುಗಿಸಬೇಕು. ವಿದ್ಯುತ್ ಇಲ್ಲದ ಕಡೆ ಡೀಸೆಲ್. ಎಣ್ಣೆ ಸುಟ್ಟಿದ್ದಕ್ಕೆ ಮಳೆ ಹದಗೆಡುತ್ತದೆ, ಮಳೆ ಹದಗೆಟ್ಟಿದ್ದಕ್ಕೆ ಇನ್ನಷ್ಟು ಎಣ್ಣೆ ಸುಡುತ್ತೇವೆ. ಪಂಪಿಲ್ಲದ ಸಣ್ಣ ಹಿಡುವಳಿದಾರ ಆ ವರ್ಷದ ಫಸಲನ್ನೇ ಬಿಡುತ್ತಾನೆ.

ಹಾಗೆಂದು ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಲೂ ಬಾರದು. 2018ರ ಆಗಸ್ಟ್‌ನಲ್ಲಿ ಘಟ್ಟ ಕುಸಿದು ಸಕಲೇಶಪುರ–ಸುಬ್ರಹ್ಮಣ್ಯ ರೈಲುಹಾದಿ ಬಹುಕಾಲ ಮುಚ್ಚಿತು. 2024ರ ಜುಲೈನಲ್ಲಿ ಎಡಕುಮರಿ ಬಳಿ ಮತ್ತೆ ಮಣ್ಣು ಜಾರಿತು, ಅದೇ ತಿಂಗಳು ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂತು. ಮಳೆ ಜೋರಾಗಿತ್ತು, ನಿಜ. ಗುಡ್ಡವನ್ನು ನೆಟ್ಟಗೆ ಕಡಿದು ನಿಲ್ಲಿಸಿದ್ದು ಮಳೆಯಲ್ಲ. ಹವಾಮಾನ ಬದಲಾವಣೆ ಯಾರ ಕಳಪೆ ಕೆಲಸಕ್ಕೂ ಮರೆಯಾಗಬಾರದು.

ಮೂರನೆಯ ವಾದಕ್ಕೂ ಉತ್ತರ ಕೊಡಬೇಕು. ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನದು 14 ಟನ್ ಆಸುಪಾಸು. ತಪ್ಪಿನ ಪಾಲು ಯಾರದೆಂಬುದರಲ್ಲಿ ಅನುಮಾನವಿಲ್ಲ. ಆದರೆ ಎಣ್ಣೆ, ಕಲ್ಲಿದ್ದಲು ಬಿಡಲು ನಮಗೆ ವಿದೇಶದವರ ಉಪದೇಶವೇ ಬೇಕಿಲ್ಲ, ಆಮದಿನ ಬಿಲ್ಲೇ ಸಾಕಷ್ಟು ಕಾರಣ. ಹವಾಮಾನವನ್ನು ನಂಬದವನೂ ಆ ಬಿಲ್ಲನ್ನು ನಂಬುತ್ತಾನೆ.

ಬಿಸಿಲಿನ ವಿಷಯಕ್ಕೆ ಬಂದರೆ ಆಷಾಢದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಮಲೆನಾಡಿನವರಿಗೆ ಸೋಲಾರ್ ಎಂದರೆ ಅಪನಂಬಿಕೆ. ಆನೆಗೆಂದು ಹಾಕಿದ ಸೋಲಾರ್ ಬೇಲಿಯ ಬ್ಯಾಟರಿ ಮಳೆಗಾಲದಲ್ಲಿ ಕೈಕೊಟ್ಟದ್ದನ್ನು ಕಂಡವರು ಅವರು. ಆದರೆ ನಮ್ಮಲ್ಲಿ ಮಳೆ ಹೊಡೆಯುವ ಅದೇ ತಿಂಗಳಲ್ಲಿ ಚಿತ್ರದುರ್ಗ, ಗದಗಿನ ಗುಡ್ಡಗಳ ಗಾಳಿಯಂತ್ರಗಳು ಭರದಿಂದ ತಿರುಗುತ್ತವೆ, ಶರಾವತಿಗೆ ನೀರು ಬರುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಪಾವಗಡದ 13 ಸಾವಿರ ಎಕರೆಯ ಫಲಕಗಳು ದುಡಿಯುತ್ತವೆ. ಒಂದು ಕೈಕೊಟ್ಟಾಗ ಇನ್ನೊಂದು ಹಿಡಿಯುವ ಇಂಥ ಅನುಕೂಲ ಎಲ್ಲ ರಾಜ್ಯಗಳಿಗೂ ಇಲ್ಲ. ಘಟ್ಟದ ರೈಲನ್ನೂ ನೋಡಿ. 50 ಅಡಿಗೆ ಒಂದಡಿ ಏರುವ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿ.ಮೀ. ಹಾದಿಗೆ ಈಚೆಗೆ ವಿದ್ಯುತ್ ತಂತಿ ಬಂದಿದೆ. ಅಲ್ಲಿ ಡೀಸೆಲ್ ಇಂಜಿನ್ನುಗಳು ಹಿಂದೆ ಮುಂದೆ ಸೇರಿ ಉಸಿರುಗಟ್ಟಿ ಎಳೆಯುತ್ತಿದ್ದ ಭಾರಕ್ಕೆ ಇನ್ನು ಹಡಗಿನ ಎಣ್ಣೆ ಬೇಕಿಲ್ಲ. ಕಾಡು ಮುಳುಗಿಸದೆ ಎಣ್ಣೆ ಉಳಿಸುವ ಇಂಥ ಕೆಲಸಕ್ಕೆ ಗುಂಡ್ಯದಷ್ಟು ಸುದ್ದಿಯಾಗಲಿಲ್ಲ.

ಈ ದಾರಿಯನ್ನು ಮೊದಲೇ ತೋರಿಸಿದವರು ನಮ್ಮಲ್ಲೇ ಇದ್ದರು. 1987ರಲ್ಲಿ ರಾಜ್ಯದ ಸಮಿತಿಯೊಂದು 2000ದ ಹೊತ್ತಿಗೆ ಕರ್ನಾಟಕಕ್ಕೆ ಭಾರೀ ಪ್ರಮಾಣದ ಹೊಸ ವಿದ್ಯುತ್ ಬೇಕೆಂದು ಪಟ್ಟಿ ಕೊಟ್ಟಾಗ, ವಿಜ್ಞಾನ ಸಂಸ್ಥೆಯ ಅಮೂಲ್ಯ ಕೆ.ಎನ್. ರೆಡ್ಡಿ ಅವರು ಬೇರೊಂದು ಲೆಕ್ಕ ಹಾಕಿದರು. ಜನಕ್ಕೆ ಬೇಕಿರುವುದು ಬೆಳಕು, ಬೆಂದ ಅನ್ನ, ಹೊಲಕ್ಕೆ ನೀರು. ಅವನ್ನು ಕಡಿಮೆ ವಿದ್ಯುತ್ತಿನಲ್ಲಿ ಕೊಡುವ ಬಲ್ಬು, ಒಲೆ, ಪಂಪು ಕೊಟ್ಟರೆ ಸಮಿತಿ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಸಾಕೆಂದು ತೋರಿಸಿದರು. 60 ವ್ಯಾಟ್ ಬಲ್ಬಿನ ಜಾಗಕ್ಕೆ 9 ವ್ಯಾಟ್ ಎಲ್‌ಇಡಿ ಬಂದ ಮೇಲೆ ಅವರ ಮಾತು ಈಗ ಮನೆಮನೆಯಲ್ಲಿ ಸಾಬೀತಾಗಿದೆ. ಪಂಪಿನ ವಿಷಯದಲ್ಲಿ ಇನ್ನೂ ಆಗಬೇಕಿದೆ. ರೀವೈಂಡ್ ಮಾಡಿ ಮಾಡಿ ಸವೆದ ಮೋಟರುಗಳು ಹಳ್ಳಿಹಳ್ಳಿಯಲ್ಲಿ ವಿದ್ಯುತ್ತನ್ನು ಶಾಖವಾಗಿಸಿ ಗಾಳಿಗೆ ಬಿಡುತ್ತಿವೆ. ಅವನ್ನು ಬದಲಿಸಿದರೆ ಸಿಗುವ ವಿದ್ಯುತ್ತಿಗೆ ಯಾವ ಕಣಿವೆಯನ್ನೂ ಮುಳುಗಿಸಬೇಕಿಲ್ಲ.

ಸರ್ಕಾರಕ್ಕೆ ನನ್ನ ಕೋರಿಕೆ ಎರಡೇ. ಹೊಂಗೆ ಬೀಜಕ್ಕೆ ಹೋಬಳಿ ಮಟ್ಟದಲ್ಲಿ ಖಚಿತ ದರದ ಖರೀದಿ ಮತ್ತು ಒಂದು ಗಾಣ ಇರಲಿ, ಬೀಜ ಆಯುವ ಕೆಲಸಕ್ಕೆ ಉದ್ಯೋಗ ಖಾತರಿಯ ಕೂಲಿ ಸಿಗಲಿ. ಎತ್ತಿನಹೊಳೆಯ ಪಂಪುಗಳು ಪ್ರತಿ ಮಳೆಗಾಲದಲ್ಲಿ ಎಷ್ಟು ನೀರು ಎತ್ತಿದವು, ಅದಕ್ಕೆ ಎಷ್ಟು ಯೂನಿಟ್ ಖರ್ಚಾಯಿತು, ಆ ವಿದ್ಯುತ್ ಎಲ್ಲಿಂದ ಬಂತು ಎಂಬುದನ್ನು ಸಕಲೇಶಪುರದ ತಾಲ್ಲೂಕು ಕಚೇರಿಯಲ್ಲೂ ಕೋಲಾರದ ತಾಲ್ಲೂಕು ಕಚೇರಿಯಲ್ಲೂ ಪ್ರತಿ ವರ್ಷ ಜನರ ಮುಂದಿಡಿ. ನೀರು ಕೊಟ್ಟವರಿಗೂ ನೀರು ಕಾಯುತ್ತಿರುವವರಿಗೂ ಅದನ್ನು ತಿಳಿಯುವ ಹಕ್ಕಿದೆ.